ವಾಣಿಶ್ರೀ ಅಂತ ಬಂದರೆ ಎತ್ತಬೇಡಿ

ಹುಣಸೂರಿನ ಆ ಕಚೇರಿಗೆ ಕೆಲಸಕ್ಕೆ ಸೇರುವ ಮೊದಲೇ ವಾಣಿಶ್ರೀಯ ದನಿ ಗಾವಡಗೆರೆ ಹೋಬಳಿಯ ಹತ್ತಾರು ಊರುಗಳಿಗೆ ಗೊತ್ತಿತ್ತು. ಕೊರೋನಾ ಕಾಲದಲ್ಲಿ ಮನೆಮನೆಗೆ ಫೋನ್ ಮಾಡಿ ಜ್ವರ ಇದೆಯಾ, ಉಸಿರು ಸರಾಗವಾಗಿದೆಯಾ ಎಂದು ವಿಚಾರಿಸುವ ಕೆಲಸಕ್ಕೆ ಅವಳು ತಾನಾಗಿ ಹೆಸರು ಕೊಟ್ಟಿದ್ದಳು. ಬೇರೆಯವರು ಪ್ರಶ್ನೆ ಓದಿ, ಉತ್ತರ ಬರೆದುಕೊಂಡು ಫೋನ್ ಇಟ್ಟುಬಿಡುತ್ತಿದ್ದರು. ಇವಳು ಹಟ್ಟಿಯಲ್ಲಿ ಹಸು ಕಟ್ಟಿದವರು ಯಾರು, ನೀರು ಯಾರು ತಂದುಕೊಡುತ್ತಿದ್ದಾರೆ ಎಂದೆಲ್ಲ ಕೇಳುತ್ತಿದ್ದಳು. ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಜನಕ್ಕೆ ಅದೇ ದೊಡ್ಡ ಔಷಧಿಯಾಗಿತ್ತು. ಅವಳ ತವರು ಸಾಲಿಗ್ರಾಮ. ಅಪ್ಪನ ಅರಿಶಿನ ಕುಂಕುಮದ ಅಂಗಡಿಯಲ್ಲಿ ಕೂತು ಬೆಳೆದವಳು, ಎಂಥ ಬಿಗುಮಾನದವರನ್ನೂ ಎರಡು ಮಾತಿನಲ್ಲಿ ಸಡಿಲ ಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಕಾಯಿಲೆಯ ಕಾಲ ಕಳೆದ ಮೇಲೂ ಗಾವಡಗೆರೆಯ ಸಂತೆಯಲ್ಲಿ ಗುರುತಿಲ್ಲದವರು ಅವಳ ದನಿ ಕೇಳಿ ತಿರುಗಿ ನಿಂತು, ನೀನು ಆ ಕೊರೋನಾ ವಾಣಿಶ್ರೀ ಅಲ್ಲವಾ ಎಂದು ಕೈ ಹಿಡಿದುಕೊಂಡದ್ದುಂಟು.

ಹಾಗಾಗಿಯೇ ಶಶಿಕುಮಾರ್ ಅವಳನ್ನು ಹುಡುಕಿಕೊಂಡು ಬಂದದ್ದು. ಕೆ.ಆರ್. ನಗರದ ಕಡೆಯವನು, ಮೆದು ಮಾತಿನವನು. ಹುಣಸೂರಿನ ಬೈಪಾಸ್ ರಸ್ತೆಯಲ್ಲಿ ಸಿಮೆಂಟು ಅಂಗಡಿಯ ಮಾಳಿಗೆಯ ಮೇಲೆ ಅವನ ಕಂಪನಿಯ ಕಚೇರಿ. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಜನರಿಗೆ ಫೋನ್ ಮಾಡಿ ಪ್ರಶ್ನೆ ಕೇಳಿ ಉತ್ತರವನ್ನು ಕಂಪ್ಯೂಟರಿಗೆ ತುಂಬಬೇಕು. ಆ ವರ್ಷ ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಕೆಲಸದ ಮನೆಗಳ ಎರಡು ಸುತ್ತಿನ ಆರೋಗ್ಯ ಸಮೀಕ್ಷೆಯನ್ನು ಇವನಿಗೆ ವಹಿಸಿದ್ದರು. ಒದ್ದೆ ಸೊಪ್ಪು ಮುರಿಯುವಾಗ ತಲೆ ಸುತ್ತುತ್ತದೆಯೇ, ವಾಂತಿ ಬರುತ್ತದೆಯೇ, ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯುವವರಿಗೆ ಕೆಮ್ಮು ಇದೆಯೇ, ಇದ್ದರೆ ಡಾಕ್ಟರ ಹತ್ತಿರ ಹೋಗುತ್ತೀರಾ, ಹೀಗೆ ಪ್ರಶ್ನೆಗಳು.

ಪ್ರಶ್ನೆಗಳನ್ನು ಓದಿದಾಗಲೇ ವಾಣಿಶ್ರೀ ಒಪ್ಪಿಕೊಂಡುಬಿಟ್ಟಳು. ಮದುವೆಯಾಗಿ ಬಂದ ಮೊದಲ ವರ್ಷ ಗಂಡ ಮಾದೇಶನ ಹೊಲದಲ್ಲಿ ಬೆಳಗಿನ ಇಬ್ಬನಿಯಲ್ಲಿ ಸೊಪ್ಪು ಮುರಿದು, ಸಾಲಿನ ನಡುವೆಯೇ ಕೂತು ಅವಳು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ್ದಳು. ಬಸುರಿರಬೇಕು ಎಂದು ಅತ್ತೆ ಸಂಭ್ರಮಪಟ್ಟು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದು ಸೊಪ್ಪಿನ ನಂಜು ಎಂದು ಅವರಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ. ಯಾರಾದರೂ ಇದನ್ನು ಕೇಳುತ್ತಿದ್ದಾರಲ್ಲ ಎಂಬುದೇ ಅವಳಿಗೆ ಹಿಡಿಸಿತು.

ಆದರೆ ಕೇಳುವುದಕ್ಕೆ ಜನ ಫೋನ್ ಎತ್ತಬೇಕಲ್ಲ. ಹೋದ ಕರೆಗಳಲ್ಲಿ ಮುಕ್ಕಾಲು ಪಾಲು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿದ್ದವು. ಎತ್ತಿದವರು ಲೋನ್ ಬೇಡ ಎಂದು ಇಟ್ಟುಬಿಡುತ್ತಿದ್ದರು. ವಾಣಿಶ್ರೀ ತನ್ನ ದನಿಯ ಮೇಲೆ ಇಟ್ಟಿದ್ದ ನಂಬಿಕೆ ಒಂದು ವಾರದಲ್ಲೇ ಅರ್ಧ ಕರಗಿತು. ಆಗ ಶಶಿಕುಮಾರ್ ಅವಳನ್ನು ತನ್ನ ಕೋಣೆಗೆ ಕರೆದು, ತನ್ನ ಸ್ವಂತ ಫೋನಿಗೆ ಕಚೇರಿಯ ನಂಬರಿನಿಂದ ಕರೆ ಮಾಡಿ ತೋರಿಸಿದ. ತೆರೆಯ ಮೇಲೆ ಕಂಪನಿಯ ಉದ್ದನೆಯ ಇಂಗ್ಲಿಷ್ ಹೆಸರು ಮೂಡಿತು. ಈಚೆಗೆ ಸಿಮ್ ಯಾರ ಹೆಸರಿನಲ್ಲಿದೆಯೋ ಆ ಹೆಸರು ಕರೆ ಹೋದವರಿಗೆ ಕಾಣುವ ಹಾಗಾಗಿತ್ತು.

"ನಾವು ಮಾತಾಡಿ ಸೋಲ್ತಿಲ್ಲ ಅಕ್ಕ, ಮಾತಾಡೋಕೆ ಮುಂಚೆನೇ ಸೋಲ್ತಾ ಇದೀವಿ," ಎಂದ ಅವನು. "ಈ ಹೆಸರು ನೋಡಿದ್ರೆ ನಮ್ಮವ್ವನೂ ಎತ್ತಲ್ಲ. ಇಲ್ಲಿ ನಿಮ್ಮ ಹೆಸರು ಬಂದಿದ್ರೆ?"

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಕೆಲವು ಸಿಮ್‌ಗಳನ್ನು ಅವಳ ಆಧಾರ್ ಮೇಲೆ ತೆಗೆಯುವುದು. ಕರೆ ಹೋದಾಗ ವಾಣಿಶ್ರೀ ಎಂದು ಬರುತ್ತದೆ. ನಮ್ಮ ಕಡೆಯ ಹೆಂಗಸಿನ ಹೆಸರು ಕಂಡರೆ ಜನ ಅನುಮಾನಪಡುವುದಿಲ್ಲ, ಗುರುತಿದ್ದವರಂತೂ ಎತ್ತಿಯೇ ಎತ್ತುತ್ತಾರೆ. ಸಮೀಕ್ಷೆ ಮುಗಿದ ಮೇಲೆ ಸಿಮ್ ಅವಳಿಗೇ ವಾಪಸ್ಸು. ಮೈಸೂರಿನವರು ಎಷ್ಟು ಜನ ಉತ್ತರ ಕೊಟ್ಟರು ಎಂದು ಪ್ರತಿ ವಾರ ಕೇಳುತ್ತಿದ್ದಾರೆ, ಹೀಗೇ ಆದರೆ ಸಮೀಕ್ಷೆಯನ್ನೇ ನಿಲ್ಲಿಸುತ್ತಾರೆ ಎಂದೂ ಸೇರಿಸಿದ.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಮಾದೇಶ ಉಣ್ಣುತ್ತಿದ್ದವನು ತಲೆ ಎತ್ತಿದ. ಅವನು ಹೆಚ್ಚು ಮಾತಿನವನಲ್ಲ.

"ಹೆಸರು ಅಂದ್ರೆ ಉಳೋ ಎತ್ತಲ್ಲ ಕಣೆ, ಬೆಳಿಗ್ಗೆ ಆರಂಬಕ್ಕೆ ಕೊಟ್ಟು ಸಂಜೆ ಹೊಡ್ಕಂಡು ಬರಕ್ಕೆ," ಎಂದ.

ವಾಣಿಶ್ರೀ ನಕ್ಕುಬಿಟ್ಟಳು. ಒಳಗೊಳಗೇ ಅವಳಿಗೆ ಹೆಮ್ಮೆಯೂ ಆಗಿತ್ತು. ಒಂದು ಕಂಪನಿಯ ಹೆಸರಿಗಿಂತ ತನ್ನ ಹೆಸರಿಗೆ ಬೆಲೆ ಇದೆ ಎಂದು ಓದಿದವರೇ ಹೇಳುತ್ತಿರುವಾಗ ಹೆಮ್ಮೆ ಆಗದೆ ಇರುತ್ತದೆಯೇ. ಮಾರನೆಯ ದಿನ ಬಜಾರ್ ರಸ್ತೆಯ ಮೊಬೈಲ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು.

ಶಶಿಕುಮಾರ್ ಹೇಳಿದ್ದು ಸುಳ್ಳಾಗಲಿಲ್ಲ. ಹೊಸ ಸಿಮ್ ಹಾಕಿದ ದಿನದಿಂದಲೇ ಜನ ಫೋನ್ ಎತ್ತತೊಡಗಿದರು. ಗಾವಡಗೆರೆ ಕಡೆಯವರು "ಯಾವ ವಾಣಿಶ್ರೀ? ಕೊರೋನಾ ವಾಣಿಶ್ರೀಯಾ?" ಎಂದು ನಗುತ್ತ ಶುರುಮಾಡುತ್ತಿದ್ದರು. ಅವಳನ್ನು ಕಾಣದ ಕೇಳದ ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯವರೂ ಮಗಳ ಗೆಳತಿಯೋ, ಸೊಸೆಯ ಕಡೆಯವಳೋ ಇರಬೇಕೆಂದು ಎತ್ತುತ್ತಿದ್ದರು, ಎತ್ತಿದ ಮೇಲೆ ಅವಳ ಮಾತಿಗೆ ಕಟ್ಟುಬೀಳುತ್ತಿದ್ದರು. ಆದರೆ ಅದೇ ಹೆಸರು ಕೋಣೆಯಲ್ಲಿದ್ದ ಎಲ್ಲರ ಕರೆಗೂ ಹೋಗುತ್ತಿತ್ತು. ತೆರೆಯ ಮೇಲೆ ವಾಣಿಶ್ರೀ ಎಂದು ಬಂದು, ಮಾತಾಡುವವಳು ಬೇರೆ ಹೆಸರು ಹೇಳಿದರೆ ಜನ ಬೆಚ್ಚಿ ಇಟ್ಟುಬಿಡುತ್ತಾರೆ ಎಂದು ಶಶಿಕುಮಾರ್ ಎಲ್ಲರೂ "ನಾನು ವಾಣಿಶ್ರೀ" ಎಂದೇ ಶುರುಮಾಡಬೇಕೆಂದು ಹೇಳಿದ. ಅಕ್ಕಪಕ್ಕದ ಕುರ್ಚಿಗಳಿಂದ ತನ್ನ ಹೆಸರು ಬೇರೆ ಬೇರೆ ಗಂಟಲಿನಲ್ಲಿ ಹೊರಡುವುದನ್ನು ಕೇಳಿದಾಗ ಅವಳಿಗೆ ಒಂದು ಥರಾ ಮುಜುಗರವಾಯಿತು. ಒಬ್ಬಳು ವಯಸ್ಸಾದವರನ್ನು ಗದರಿದ್ದು ಕೇಳಿ ಸಹಿಸಲಾರದೆ, ತನ್ನ ಹೆಸರಿಟ್ಟುಕೊಂಡು ಮಾತಾಡುವವರು ತನ್ನ ಹಾಗೆಯೇ ಮಾತಾಡಲಿ ಎಂದು ತಾನೇ ನಿಂತು ಕಲಿಸಿದಳು. ದೊಡ್ಡವರಿಗೆ ಅವ್ವ ಅನ್ನಿ, ಅಪ್ಪಾಜಿ ಅನ್ನಿ. ಮೊದಲು ಊಟ ಆಯಿತಾ ಕೇಳಿ, ಆಮೇಲೆ ಪ್ರಶ್ನೆ. ಕೆಮ್ಮಿದರೆ, ಪಾಪ ಯಾಕವ್ವ ಕೆಮ್ಮುತ್ತಿದ್ದೀಯ ಅನ್ನಿ. ಹುಡುಗಿಯರು ಬೇಗ ಕಲಿತರು.

ಆ ಸುತ್ತಿನಲ್ಲಿ ಸಿಕ್ಕವಳು ಸಿದ್ದಲಿಂಗಮ್ಮ. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಸಣ್ಣ ಊರಿನ ಹೆಂಗಸು, ಸೊಪ್ಪಿನ ಹೊಲಗಳಿಗೆ ಆಳಾಗಿ ಹೋಗುತ್ತಿದ್ದವಳು, ಗಂಡ ತೀರಿಕೊಂಡವಳು. ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟು, ಕೊನೆಗೆ ಕೇಳದೆ ಇದ್ದದ್ದನ್ನೂ ಹೇಳಿದಳು. ಮಗಳು ಬೃಂದಾಳಿಗೆ ಕ್ಷಯ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆ ಕೊಟ್ಟಿದ್ದಾರೆ. ಈಗ ಕೆಮ್ಮು ಕಮ್ಮಿಯಾಗಿದೆ, ಆದರೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಹುಡುಗಿ ಅಳುತ್ತಾಳೆ. ಮದುವೆಯ ವಯಸ್ಸು, ಊರಲ್ಲಿ ಯಾರಿಗೂ ಹೇಳಿಲ್ಲ.

ಅದು ವಾಣಿಶ್ರೀಯ ಕೆಲಸವಾಗಿರಲಿಲ್ಲ. ಆದರೂ ಅವಳು ಗಟ್ಟಿಯಾಗಿ ಹೇಳಿದಳು: "ಏನೇ ಆಗ್ಲಿ ಅವ್ವ, ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಡಾಕ್ಟ್ರು ಸಾಕು ಅನ್ನೋ ಗಂಟ."

"ನೀನು ಯೋಳ್ದ ಮೇಲೆ ಆಯ್ತು ಬುಡವ್ವ," ಎಂದಳು ಸಿದ್ದಲಿಂಗಮ್ಮ. "ಇನ್ನೊಂದಪ ಫೋನ್ ಮಾಡ್ತೀಯ?"

ಎರಡನೆಯ ಸುತ್ತಿನಲ್ಲಿ ಮಾಡುತ್ತೇನೆ ಎಂದು ವಾಣಿಶ್ರೀ ಮಾತು ಕೊಟ್ಟಳು. ಕೆಮ್ಮು, ಮಾತ್ರೆ, ಮಗಳ ಹೆಸರು, ಎಲ್ಲವನ್ನೂ ಪ್ರಾಮಾಣಿಕವಾಗಿ ಕಂಪ್ಯೂಟರಿಗೆ ತುಂಬಿದಳು. ಓದುವವರು ಡಾಕ್ಟರುಗಳು, ಅವರಿಗೆ ಉಪಯೋಗವಾಗಲಿ ಎಂದು.

ಮೊದಲ ಸುತ್ತು ಮುಗಿದಾಗ ಮೈಸೂರಿನವರು ಬಹಳ ಮೆಚ್ಚಿಕೊಂಡರಂತೆ. ಶಶಿಕುಮಾರ್ ಎಲ್ಲರಿಗೂ ಮೈಸೂರ್ ಪಾಕ್ ಹಂಚಿ, ಇದು ವಾಣಿಶ್ರೀ ಅಕ್ಕನ ದಯೆ ಎಂದು ಅವಳ ಕಡೆ ಕೈ ತೋರಿಸಿದ. ಎರಡನೆಯ ಸುತ್ತಿಗೆ ಮುಂದಿನ ಹಂಗಾಮಿನವರೆಗೆ ಕಾಯಬೇಕು, ಅಲ್ಲಿಯವರೆಗೆ ಮನೆಯಲ್ಲಿರಿ ಎಂದ. ಅವಳು ಸಿಮ್ ಕೇಳಿದಳು. ಅದೇ ನಂಬರಿನಿಂದ ಮಾಡಿದರೆ ತಾನೇ ಜನ ಮತ್ತೆ ಗುರುತು ಹಿಡಿಯುವುದು, ಇಲ್ಲೇ ಇರಲಿ ಅಕ್ಕ ಎಂದ ಅವನು. ಮಾತು ಸರಿಯಾಗಿಯೇ ಇತ್ತು. ಅವಳು ಬಿಟ್ಟು ಬಂದಳು.

ದೀಪಾವಳಿ ಕಳೆದು ಅವರೆಕಾಯಿ ಬರುವ ಹೊತ್ತಿಗೆ ಅವಳಿಗೆ ಮೊದಲ ಸುಳಿವು ಸಿಕ್ಕಿತು. ಹಿಟ್ಟಿನ ಗಿರಣಿಯಲ್ಲಿ ರಾಗಿ ಬೀಸಿಸುತ್ತ ನಿಂತಿದ್ದಾಗ, ಪಕ್ಕದವಳ ಮೊಬೈಲಿನಲ್ಲಿ ಯಾರೋ ಗಂಡಸು ಗಟ್ಟಿಯಾಗಿ ಹೇಳಿದ ಮಾತು ಹೊರಟಿತು. ಊರಿನ ವಾಟ್ಸಾಪ್ ಗುಂಪಿಗೆ ಯಾರೋ ಕಳಿಸಿದ್ದು. ವಾಣಿಶ್ರೀ ಅಂತ ಹೆಸರು ಬಂದರೆ ಯಾರೂ ಎತ್ತಬೇಡಿ, ಅವಳು ನಮ್ಮ ಕಾಯಿಲೆ ಕಸಾಲೆ ಎಲ್ಲ ತಿಳಿದುಕೊಂಡು ಪುಡಿ ಮಾರುತ್ತಾಳೆ, ಬೇಡ ಅಂದರೂ ಬಿಡುವುದಿಲ್ಲ ಎಂದು. ಪಕ್ಕದವಳು ಇವಳ ಮುಖ ನೋಡಿ ಗಾಬರಿಯಿಂದ ಫೋನ್ ಆಫ್ ಮಾಡಿದಳು. ಇದು ಬೇರೆ ಯಾವಳೋ ಇರಬೇಕು ಎಂದು ತಾನೇ ಸಮಾಧಾನವನ್ನೂ ಹೇಳಿದಳು. ವಾಣಿಶ್ರೀ ಹಿಟ್ಟನ್ನು ಅಲ್ಲೇ ಬಿಟ್ಟು ಹುಣಸೂರಿನ ಬಸ್ಸು ಹತ್ತಿದಳು.

ಮಾಳಿಗೆಯ ಮೇಲೆ ಕುರ್ಚಿಗಳೆಲ್ಲ ತುಂಬಿದ್ದವು. ಅರ್ಧ ಜನ ಹೊಸಬರು. ಅವಳು ಬಾಗಿಲಲ್ಲಿ ನಿಂತು ಹುಡುಗಿಯರ ಮಾತಿಗೆ ಕಿವಿಗೊಟ್ಟಳು. ಊಟ ಆಯ್ತಾ ಅವ್ವ, ನಾನು ವಾಣಿಶ್ರೀ. ಅವತ್ತು ಕೆಮ್ಮು ಅಂದಿದ್ರಲ್ಲ, ಹೇಗಿದೀರ? ಪಾಪ, ಯಾಕವ್ವ ಕೆಮ್ಮುತ್ತಿದ್ದೀಯ? ಅವಳು ಕಲಿಸಿದ ಮಾತುಗಳೇ, ಅವಳು ಕಲಿಸಿದ ಕ್ರಮದಲ್ಲೇ. ಹುಡುಗಿಯರ ಎದುರಿನ ತೆರೆಗಳಲ್ಲಿ ಸಮೀಕ್ಷೆಯ ಉತ್ತರಗಳಿದ್ದವು. ಕೆಮ್ಮು, ದಮ್ಮು ಎಂದು ಹೇಳಿದವರನ್ನೆಲ್ಲ ಬೇರೆ ಮಾಡಿ, ಉಸಿರಾಟಕ್ಕೆ ಒಳ್ಳೆಯದೆಂದು ಯಾವುದೋ ಗಿಡಮೂಲಿಕೆಯ ಪುಡಿಯನ್ನು ಕೊಳ್ಳುವಂತೆ ಅವರನ್ನು ಒಪ್ಪಿಸುತ್ತಿದ್ದರು.

ಶಶಿಕುಮಾರ್ ಎದ್ದು ಬಂದು ಕುರ್ಚಿ ಕೊಟ್ಟ, ಕಾಫಿಗೆ ಹೇಳಿದ. ಅವಳು ಕೂರಲಿಲ್ಲ.

"ಕೆಟ್ಟದ್ದೇನು ಮಾಡ್ತಿಲ್ಲ ಅಕ್ಕ, ಪುಡಿ ಒಳ್ಳೇದೇ. ಸಮೀಕ್ಷೆ ಇಲ್ಲದ ತಿಂಗಳು ಈ ಹುಡುಗಿಯರಿಗೆ ನಾನು ಕೆಲಸ ಎಲ್ಲಿಂದ ತರ್ಲಿ?"

"ಅವ್ರು ನಂಗೆ ಯೋಳಿದ್ದು," ಎಂದಳು ವಾಣಿಶ್ರೀ. "ಪುಡಿ ಮಾರೋರ್ಗೆ ಅಲ್ಲ."

ಅವನು ವಾದ ಮಾಡಲಿಲ್ಲ. ಸಿಮ್‌ಗಳನ್ನು ಕರೆ ಮಾಡುವ ಮಿಷನ್ನಿನಿಂದ ತೆಗೆಯುವುದಕ್ಕೆ ಒಂದೆರಡು ದಿನ ಬೇಕು, ತಾನೇ ಊರಿಗೆ ತಂದುಕೊಡುತ್ತೇನೆ ಎಂದ. ಅವನು ಬರಲಿಲ್ಲ. ಅವಳು ಮತ್ತೆ ಹೋದಾಗ ಮಾಳಿಗೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಹಾಸನದ ಕಡೆ ಹೋದರಂತೆ ಎಂದು ಸಿಮೆಂಟು ಅಂಗಡಿಯವನು ಹೇಳಿದ. ಮೊಬೈಲ್ ಅಂಗಡಿಗೆ ಅಲೆದು ಅಲೆದು ಅವಳು ತನ್ನ ಹೆಸರಿನ ಸಿಮ್‌ಗಳನ್ನೆಲ್ಲ ಮುಚ್ಚಿಸಿದಳು. ಅಷ್ಟು ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು.

ಕೋಟೆ ಕಡೆಯ ಪೊಲೀಸ್ ಠಾಣೆಯಿಂದ ಫೋನ್ ಬಂದಾಗಲೇ ಅವಳಿಗೆ ಬೃಂದಾಳ ವಿಷಯ ತಿಳಿದದ್ದು. ಮಾದೇಶ ಜೊತೆಗೆ ಹೋದ. ಠಾಣೆಯಲ್ಲಿ ಬರೆದುಕೊಳ್ಳುವವನು ತಲೆ ಎತ್ತದೆ ವಿವರ ಓದಿದ. ವಾಣಿಶ್ರೀ ಎಂಬ ಹೆಸರಿನ ಕರೆ ನಂಬಿ ಸಿದ್ದಲಿಂಗಮ್ಮ ಎಂಬುವರು ಮಗಳಿಗೆ ಪುಡಿ ತರಿಸಿಕೊಂಡಿದ್ದಾರೆ. ಪುಡಿ ತೆಗೆದುಕೊಳ್ಳುವಾಗ ಬೇರೆ ಔಷಧಿ ಬೇಡ ಎಂದು ಕರೆ ಮಾಡಿದ ಹೆಂಗಸು ಹೇಳಿದ್ದರಿಂದ ಆಸ್ಪತ್ರೆಯ ಮಾತ್ರೆ ನಿಲ್ಲಿಸಿದ್ದಾರೆ. ಕ್ಷಯ ತಿರುಗಿ ಏರಿ, ರಕ್ತ ಕಾರಿಕೊಂಡ ಹುಡುಗಿಯನ್ನು ಮೈಸೂರಿಗೆ ಸೇರಿಸಿದ್ದಾರೆ. ಹಳೆಯ ಮಾತ್ರೆ ಈಗ ಅವಳಿಗೆ ನಾಟುತ್ತಿಲ್ಲ. ಹುಡುಗಿಯ ಸೋದರಮಾವ ದೂರು ಕೊಟ್ಟಿದ್ದಾನೆ.

"ಸಿಮ್ ನಿಮ್ಮ ಹೆಸರಲ್ಲೇ ಇದ್ದದ್ದು ತಾನೆ?" ಎಂದು ಕೇಳಿದ ಬರೆದುಕೊಳ್ಳುವವನು.

"ಹೌದು."

"ಹೆಬ್ಬೆಟ್ಟು ನಿಮ್ಮದೇ ತಾನೆ?"

"ಹೌದು."

ಉಳಿದದ್ದನ್ನೆಲ್ಲ ಅವಳು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವರು ಬರೆದುಕೊಂಡರು. ಶಶಿಕುಮಾರನ ಫೋನ್ ಸ್ವಿಚ್ ಆಫ್ ಆಗಿತ್ತು, ಕಂಪನಿಯ ಹೆಸರೂ ಬೇರೆಯಾಗಿತ್ತು. ಅವಳನ್ನು ಹಿಡಿದು ಕೂರಿಸಲಿಲ್ಲ, ಬಿಟ್ಟೂ ಬಿಡಲಿಲ್ಲ. ಕರೆದಾಗಲೆಲ್ಲ ಬರಬೇಕು ಎಂದರು. ಬರುವಾಗ ಬಸ್ಸಿನಲ್ಲಿ ಮಾದೇಶ ಟಿಕೆಟ್ ತೆಗೆದು, ಅವಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಅವನು ಆಗಲೇ ಹೇಳಿದ್ದೆನಲ್ಲ ಎಂದು ಬೈದಿದ್ದರೆ ವಾಸಿಯಿತ್ತು ಎನಿಸಿತು ಅವಳಿಗೆ.

ಒಂದು ದಿನ ಯಾರಿಗೂ ಹೇಳದೆ ಅವಳು ಸಿದ್ದಲಿಂಗಮ್ಮನ ಊರಿಗೆ ಹೋದಳು. ಕೋಟೆಯಲ್ಲಿ ಬಸ್ಸು ಬದಲಿಸಿ, ಕೊನೆಗೆ ಆಟೋದಲ್ಲಿ ಹೋಗಿ, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದಳು. ಸಿದ್ದಲಿಂಗಮ್ಮ ಆಸ್ಪತ್ರೆಯಲ್ಲಿ ತಮ್ಮನನ್ನು ಬಿಟ್ಟು, ಆಡುಗಳಿಗೆ ಸೊಪ್ಪು ಹಾಕಿ ಹೋಗಲು ಬಂದಿದ್ದಳು. ವಾಣಿಶ್ರೀ ಅಂದುಕೊಂಡಿದ್ದಕ್ಕಿಂತ ಅವಳು ಚಿಕ್ಕ ವಯಸ್ಸಿನವಳು. ಫೋನಿನಲ್ಲಿ ಅವ್ವ ಎಂದು ಕರೆದಿದ್ದಳು, ನೋಡಿದರೆ ತನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಅಷ್ಟೆ.

ತಾನು ಯಾರೆಂದು ಹೇಳಿದಾಗ ಸಿದ್ದಲಿಂಗಮ್ಮ ಕೂಗಾಡಲಿಲ್ಲ. ಜಗಲಿಯ ಮೇಲೆ ಕೂತಳು. ಕೂತುಕೋ ಎಂದು ಇವಳಿಗೆ ಹೇಳಲಿಲ್ಲ.

"ಅದು ನಾನಲ್ಲಕ್ಕ," ಎಂದಳು ವಾಣಿಶ್ರೀ. "ಮಾತ್ರೆ ನಿಲ್ಲಿಸ್ಬೇಡಿ ಅಂದೋಳು ನಾನು. ಪುಡಿಯೋಳು ಬೇರೆ. ಆ ದನಿ ನಂದಲ್ಲ."

"ದನಿ ನಂಗೇನ್ ಗೊತ್ತಾದದವ್ವ?" ಎಂದಳು ಸಿದ್ದಲಿಂಗಮ್ಮ. "ನಿನ್ ಹೆಸ್ರು ಬಂತು. ನಂಗೆ ಓದಕ್ಕೆ ಬರಕಿಲ್ಲ, ಮಗ್ಳೇ ಓದಿ ಯೋಳುದ್ಲು, ಅವತ್ನೋಳು ಕಣವ್ವ ಎತ್ತು ಅಂತ. ಎತ್ತುದ್ರೆ ಅವ್ವ ಅಂತ್ಲೇ ಕರದ್ಲು. ಉಂಡ್ಯಾ ಅಂತ ಕೇಳುದ್ಲು. ಕೂಸಿನ ಹೆಸ್ರ ಹಿಡ್ದು ಕೇಳುದ್ಲು. ಊರಲ್ಲಿ ಯಾರ್ಗೂ ಯೋಳಿರ್ಲಿಲ್ಲ ನಾನು, ನಿಂಗೊಬ್ಳಿಗೆ ಯೋಳಿದ್ದು."

ಅವ್ವ ಎನ್ನುವುದನ್ನು ಕಚೇರಿಯ ಹುಡುಗಿಯರಿಗೆ ಕಲಿಸಿದ್ದು ತಾನು. ಊಟ ಕೇಳುವುದನ್ನು ಕಲಿಸಿದ್ದು ತಾನು. ಕೂಸಿನ ಹೆಸರನ್ನು ಕಂಪ್ಯೂಟರಿಗೆ ಬರೆದದ್ದೂ ತಾನೇ. ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ವಾಣಿಶ್ರೀ ಜಗಲಿಯ ಮೇಲಿಟ್ಟಳು. ಸಿದ್ದಲಿಂಗಮ್ಮ ಎದ್ದು ಅದನ್ನು ತಿರುಗಿ ಇವಳ ಕೈಗೇ ಕೊಟ್ಟು, ಆಡುಗಳ ಕೊಟ್ಟಿಗೆಗೆ ಹೋದಳು.

ಬೃಂದಾ ಸಾಯಲಿಲ್ಲ. ಬೇರೆ ಮಾತ್ರೆ, ಬೇರೆ ಸೂಜಿ ಎಂದು ತಿಂಗಳಾನುಗಟ್ಟಲೆ ಮೈಸೂರಿನಲ್ಲಿದ್ದು ಊರಿಗೆ ಬಂದಳು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದ ಹಾಗಾಗಿ, ನೀರಿನ ಕೊಡ ಎತ್ತಿದರೆ ಏದುಸಿರು ಬರುತ್ತದೆ ಎಂದು ಯಾರಿಂದಲೋ ವಾಣಿಶ್ರೀಗೆ ತಿಳಿಯಿತು. ಇಡೀ ಊರಿಗೆ ಕಾಯಿಲೆಯ ಹೆಸರೂ ಗೊತ್ತಾಗಿತ್ತು. ನಿಶ್ಚಯವಾಗಿದ್ದ ಒಂದು ಮದುವೆ ಸಂಬಂಧ ಮುರಿದುಬಿತ್ತಂತೆ.

ವಾಣಿಶ್ರೀ ಸ್ವಂತ ಫೋನಿನಿಂದ ಯಾರಿಗೆ ಮಾಡಿದರೂ ಅದೇ ಹೆಸರು ತೆರೆಯ ಮೇಲೆ ಬರುತ್ತಿತ್ತು. ಜನ ಎತ್ತುವುದನ್ನು ನಿಲ್ಲಿಸಿದರು. ಗುರುತಿಲ್ಲದವರು ಹೋಗಲಿ, ಗ್ಯಾಸ್ ತಂದುಕೊಡುವವನು, ಸ್ಕೂಲಿನ ವ್ಯಾನಿನವನು, ಸಾಲಿಗ್ರಾಮದ ದೂರದ ನೆಂಟರು ಕೂಡ. ಕರೆ ಮಾಡಬೇಕಾದರೆ ಅವಳು ಮಾದೇಶನ ಫೋನ್ ತೆಗೆದುಕೊಳ್ಳುತ್ತಿದ್ದಳು. ಸಂತೆಯಲ್ಲಿ ತಿರುಗಿ ನಿಂತು ಕೈ ಹಿಡಿಯುತ್ತಿದ್ದವರು ಈಗ ದನಿ ಕೇಳಿದರೆ ಬೇರೆ ಅಂಗಡಿಯ ಕಡೆ ಸರಿಯುತ್ತಿದ್ದರು. ಅವಳೂ ತರಕಾರಿಯನ್ನು ಬೆರಳಲ್ಲಿ ತೋರಿಸಿ, ಮಾತಿಲ್ಲದೆ ಕೊಂಡು ಬರುವುದನ್ನು ರೂಢಿ ಮಾಡಿಕೊಂಡಳು.

ಮುಂದಿನ ಹಂಗಾಮಿನಲ್ಲಿ, ಸೊಪ್ಪು ಮುರಿಯುವುದು ಜೋರಾಗಿದ್ದ ಒಂದು ಮಧ್ಯಾಹ್ನ, ಮೈಸೂರಿನ ಸಂಶೋಧನೆಯ ಕಡೆಯಿಂದ ಅನುಶ್ರೀ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ವಾಣಿಶ್ರೀ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಅಂಟು ಹತ್ತಿ ಕೈ ಕಪ್ಪಗಾಗಿತ್ತು. ಹುಡುಗಿ ನೆಲದ ಮೇಲೆಯೇ ಕೂತು ವಿಷಯ ಹೇಳಿದಳು. ಎರಡನೆಯ ಸುತ್ತಿಗೆ ಬೇರೆ ಕಂಪನಿಯನ್ನು ಹಿಡಿದಿದ್ದರಂತೆ. ನಾಲ್ಕು ತಾಲ್ಲೂಕಿನಲ್ಲೂ ಜನ ಎತ್ತುತ್ತಿಲ್ಲ, ಎತ್ತಿದವರು ಕೆಮ್ಮು ಎಂಬ ಮಾತು ಬಂದ ಕೂಡಲೇ ಇಟ್ಟುಬಿಡುತ್ತಾರೆ. ಹೀಗೇ ಆದರೆ ಇಲ್ಲಿನ ಕುಟುಂಬಗಳಿಗೆ ಉತ್ತರ ಕೊಡುವ ಆಸಕ್ತಿ ಇಲ್ಲ ಎಂದು ಬರೆದು ಕೆಲಸ ಮುಗಿಸುತ್ತಾರೆ.

"ಮೊದಲನೇ ಸುತ್ತಲ್ಲಿ ನಿಮ್ಮ ಹೆಸರು ನೋಡಿ ಎತ್ತುತ್ತಿದ್ರಂತೆ," ಎಂದಳು ಅನುಶ್ರೀ. "ಈ ಸಲ ನೀವೇ ಮಾತಾಡಿದ್ರೆ? ನಿಜವಾಗಿ ನೀವೇ."

ವಾಣಿಶ್ರೀ ಕಟ್ಟುತ್ತಿದ್ದ ಕಡ್ಡಿಯನ್ನು ಪೂರ್ತಿ ಮಾಡಿ ಪಕ್ಕಕ್ಕಿಟ್ಟಳು.

"ಆವಾಗ ನೀವು ಯಾಕೆ ಕೇಳ್ಲಿಲ್ಲ? ಯಾರ ಹೆಸರಲ್ಲಿ ಕಾಲ್ ಹೋಗ್ತಾ ಇದೆ, ಅವ್ರು ಕೊಟ್ಟ ಉತ್ತರ ಯಾರ ಕೈಯಲ್ಲಿ ಇರುತ್ತೆ ಅಂತ?"

ಅನುಶ್ರೀ ಸುಳ್ಳು ಹೇಳಲಿಲ್ಲ. "ಎತ್ತೋರು ಜಾಸ್ತಿ ಆದ್ರು ಅಂತ ಎಲ್ಲರಿಗೂ ಖುಷಿಯಾಗಿತ್ತು. ಯಾಕೆ ಎತ್ತುತ್ತಿದ್ದಾರೆ ಅಂತ ಯಾರೂ ಕೇಳ್ಲಿಲ್ಲ," ಎಂದಳು.

ಬೇಕಿದ್ದರೆ ಊರೂರಿಗೆ ಬಂದು ಮುಖ ಕೊಟ್ಟು ಕೇಳಿ, ಬಾಗಿಲಿಗೆ ಬಂದವರನ್ನು ಇಲ್ಲಿ ಯಾರೂ ಓಡಿಸುವುದಿಲ್ಲ ಎಂದಳು ವಾಣಿಶ್ರೀ. ಅದಕ್ಕೆ ಜನ ಇಲ್ಲ, ಅನುಮತಿಯೂ ಸಿಗುವುದಿಲ್ಲ ಎಂದು ಅನುಶ್ರೀ ಬೇಸರದಿಂದ ಹೇಳಿದಳು. ಕೋಟೆಯ ಆ ಹುಡುಗಿಯ ವಿಷಯ ಮೈಸೂರಿನವರಿಗೆ ಗೊತ್ತೇ ಎಂದು ವಾಣಿಶ್ರೀ ಕೇಳಿದಳು. ಯಾವ ಹುಡುಗಿ ಎಂದಳು ಅವಳು. ವಾಣಿಶ್ರೀ ಹೇಳಲು ಹೊರಟು, ಹೆಸರು ಬಾಯಿಗೆ ಬಂದಾಗ ನಿಲ್ಲಿಸಿದಳು. ಆ ಹೆಸರನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು ತನಗಿಲ್ಲ ಎನಿಸಿತು.

ಅನುಶ್ರೀ ನೀರು ಕುಡಿದು, ತನ್ನ ನಂಬರ್ ಹೇಳಿ, ಮನಸ್ಸು ಬದಲಾದರೆ ಒಂದು ಕರೆ ಮಾಡಿ ಎಂದು ಹೊರಟಳು. ವಾಣಿಶ್ರೀ ಹೂಂ ಎಂದಳೇ ಹೊರತು ನಂಬರನ್ನು ಎಲ್ಲೂ ಇಟ್ಟುಕೊಳ್ಳಲಿಲ್ಲ. ಮಾದೇಶ ಹೊಲದಿಂದ ಇನ್ನೊಂದು ಹೊರೆ ಸೊಪ್ಪು ತಂದು ಅವಳ ಮುಂದೆ ಸುರಿದು, ಬಂದಿದ್ದವರು ಯಾರು ಎಂದು ಕೇಳಿದ. ಯಾರೋ ದಾರಿ ತಪ್ಪಿ ಬಂದಿದ್ದರು ಎಂದಳು ಅವಳು. ಸಂಜೆಯೊಳಗೆ ಬ್ಯಾರನ್ ತುಂಬಬೇಕಿತ್ತು. ಅವಳು ಹೊಸ ಕಡ್ಡಿ ಎತ್ತಿಕೊಂಡು ದಾರ ಸುತ್ತತೊಡಗಿದಳು.